ಒಂದೇ ಕಂಪನಿಯ ಗುಳಿಗೆ

ಕೊಟ್ರಬಸಪ್ಪನಿಗೆ ಏನು ಕಂಡರೂ ಕಲಸುವ ಚಟ. ಅದು ಹುಟ್ಟುಗುಣವಲ್ಲ, ಕೆಲಸ ಕಲಿಸಿದ ಗುಣ. ಹೊಸಪೇಟೆಯಿಂದ ಗಾದಿಗನೂರಿಗೆ ಹೋಗುವ ದಾರಿಯಲ್ಲಿದ್ದ ಒಂದು ಅದಿರಿನ ಸ್ಟಾಕ್‌ಯಾರ್ಡಿನಲ್ಲಿ ಅವನು ಸ್ಯಾಂಪಲ್ ತೆಗೆಯುವವನು. ಸಂಡೂರಿನ ಗುಡ್ಡಗಳಿಂದ ಇಳಿದು ಬಂದ ಪ್ರತಿ ಲಾರಿಯ ಮೇಲೆ ಹತ್ತಿ, ಐದು ಕಡೆಯಿಂದ ಒಂದೊಂದು ಹಿಡಿ ಅದಿರು ತೆಗೆದು, ಚೀಲಕ್ಕೆ ತುಂಬಿ, ಚೀಟಿ ಬರೆದು ಲ್ಯಾಬಿಗೆ ಕಳಿಸಬೇಕು. ಕಬ್ಬಿಣ ಜಾಸ್ತಿ ಇರುವ ಮಾಲು ಒಂದು ರಾಶಿ, ಕಡಿಮೆ ಇರುವುದು ಇನ್ನೊಂದು ರಾಶಿ. ಎರಡನ್ನೂ ಹದ ನೋಡಿ ಕಲಸಿದರೆ ಹೊರದೇಶಕ್ಕೆ ಒಯ್ಯುವ ಹಡಗಿನವರು ಕೇಳಿದ ಗ್ರೇಡಿಗೆ ಸರಿಯಾಗಿ ಬಂದು ಕೂರುತ್ತದೆ. ಯಾರ್ಡಿನಲ್ಲಿ ಇದಕ್ಕೆ ಬ್ಲೆಂಡಿಂಗ್ ಅನ್ನುತ್ತಿದ್ದರು. ಆ ಹದ ಕೊಟ್ರಬಸಪ್ಪನ ಕೈಗೆ ಬಂದಷ್ಟು ಬೇರೆ ಯಾರಿಗೂ ಬಂದಿರಲಿಲ್ಲ.

ಅದು ಎರಡು ಸಾವಿರದ ಆರನೇ ಇಸವಿ. ಊರಿನ ತುಂಬ ಲಾರಿ, ಮರದೆಲೆಯ ಮೇಲೆ ಕೆಂಪು ಧೂಳು, ಒಣಗಲು ಹಾಕಿದ ಪಂಚೆಯ ಮೇಲೆ ಕೆಂಪು. ಯಾರ್ಡಿನಲ್ಲಿ ಸಿಕ್ಕ ಮರ್ಯಾದೆಯನ್ನು ಕೊಟ್ರಬಸಪ್ಪ ಮನೆಗೂ ಹೊತ್ತು ತಂದ. ಹಳೇ ತೊಗರಿಬೇಳೆಗೆ ಹೊಸ ಬೇಳೆ ಕಲಸಿದ, ಎರಡು ಅಂಗಡಿಯ ಚಹಾಪುಡಿ ಕಲಸಿದ, ಖಾರವಿಲ್ಲದ ಖಾರಪುಡಿಗೆ ಗುಂಟೂರಿನ ಪುಡಿ ಕಲಸಿ ಮನೆಮಂದಿಯೆಲ್ಲ ಎರಡು ದಿನ ಮಜ್ಜಿಗೆ ಕುಡಿದುಕೊಂಡಿರುವಂತೆ ಮಾಡಿದ. ಹೆಂಡತಿ ಎರ್ರಮ್ಮ ಬೈದದ್ದು ಆಗ ಮೂರು ಮನೆಯಾಚೆಗೆ ಕೇಳಿತ್ತು.

ಎರ್ರಮ್ಮನ ದನಿಯೆಂದರೆ ಅಂಥದ್ದು. ಅಡುಗೆಮನೆಯಿಂದ ಕೂಗಿದರೆ ಹಿಂದಿನ ಓಣಿಯ ಸೊಪ್ಪಿನವಳು ಬುಟ್ಟಿ ತಿರುಗಿಸಿಕೊಂಡು ಬರುತ್ತಿದ್ದಳು. ಕಂಪ್ಲಿಯ ತವರಿನಲ್ಲಿ ಯಾರ ಮದುವೆಯಾದರೂ ಸೋಬಾನೆ ಎತ್ತಿಕೊಡುವವಳು ಅವಳೇ. ಅದಕ್ಕಿಂತ ಹೆಚ್ಚಾಗಿ ಹೆಂಗಸರು ಕಾಯುತ್ತಿದ್ದದ್ದು ಅವಳ ಒಡಪಿಗೆ. ಗಂಡನ ಹೆಸರನ್ನು ಹಾಗೆಲ್ಲ ಬಾಯಿಬಿಟ್ಟು ಹೇಳುವಂತಿಲ್ಲ. ಮದುವೆಮನೆಯಲ್ಲಿ ಎಲ್ಲರೂ ಸುತ್ತುವರಿದು ಪೀಡಿಸಿದಾಗ ಎರಡು ಸಾಲು ಪ್ರಾಸ ಕಟ್ಟಿ, ಅದರ ನಡುವೆ ಹೆಸರು ಸೇರಿಸಿ ಹೇಳಬೇಕು. ಎರ್ರಮ್ಮ ಪ್ರತಿ ಮದುವೆಗೂ ಹೊಸ ಒಡಪು ಕಟ್ಟುತ್ತಿದ್ದಳು. ಕೊಟ್ರಬಸಪ್ಪನಿಗೆ ತನ್ನ ಹೆಸರು ಹೆಂಡತಿಯ ಬಾಯಲ್ಲಿ ಕೇಳಸಿಗುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಸಲ, ಅದೂ ನೂರು ಜನರ ನಡುವೆ. ಅದಕ್ಕಾಗಿಯೇ ಅವನು ಒಂದು ಮದುವೆಯನ್ನೂ ತಪ್ಪಿಸುತ್ತಿರಲಿಲ್ಲ. ಊಟಕ್ಕಾಗಿ ಬರುತ್ತಾನೆಂದು ಬೀಗರು ತಿಳಿದುಕೊಂಡಿದ್ದರು.

ಹಿಂದಿನ ವರ್ಷದ ಶ್ರಾವಣದ ಹೊತ್ತಿಗೆ ಆ ದನಿ ಕುಸಿಯತೊಡಗಿತು. ಮೊದಲು ಗೊಗ್ಗರಾಯಿತು, ಆಮೇಲೆ ಸಣ್ಣಗಾಯಿತು. ಮುಖ ಊದಿಕೊಂಡಿತು, ಕೂದಲು ಬಾಚಣಿಗೆಗೆ ಬಂತು, ರೊಟ್ಟಿ ಬಡಿಯುತ್ತ ಬಡಿಯುತ್ತ ಎರ್ರಮ್ಮ ಗೋಡೆಗೊರಗಿ ತೂಕಡಿಸಿದಳು. ಡಾಕ್ಟರ್ ಮೇಧಾ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಎಂದು ಹೇಳಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಲು ಒಂದು ಪುಟ್ಟ ಗುಳಿಗೆ ಬರೆದುಕೊಟ್ಟರು. ದೀಪಾವಳಿ ಹೊತ್ತಿಗೆ ಎರ್ರಮ್ಮ ಮತ್ತೆ ಮನುಷ್ಯಳಾದಳು. ಸಂಕ್ರಾಂತಿ ದಾಟುವಷ್ಟರಲ್ಲಿ ಮತ್ತೆ ಗೋಡೆಗೊರಗಿದಳು. ಹೋಳಿಹುಣ್ಣಿಮೆಯ ಹೊತ್ತಿಗೆ ಅವಳ ಅಕ್ಕ ಚೆನ್ನಬಸಮ್ಮ ಕಂಪ್ಲಿಯಿಂದ ಬಂದು, ಮಗಳು ಸ್ಫೂರ್ತಿಯ ಮದುವೆ ವೈಶಾಖಕ್ಕೆ ಗೊತ್ತಾಯಿತೆಂದು, ಒಂಬತ್ತು ವಾರ ಉಳಿದಿದೆಯೆಂದು ಕುಂಕುಮವಿಟ್ಟು ಕರೆದು ಹೋದಳು. ಅಕ್ಕ ಹೊರಟ ಮೇಲೆ ಎರ್ರಮ್ಮ ತಾನು ಹೋಗುವುದಿಲ್ಲವೆಂದಳು.

"ಕುಂತು ಉಂಡು ಬರಾಕ ನಾ ಯಾಕ ಹೋಗಬೇಕ್ರಿ," ಅಂದಳು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಗಂಟಲು ಸರಿಪಡಿಸಿಕೊಂಡಳು. ಕೊಟ್ರಬಸಪ್ಪ ನೀರಿನ ಚೊಂಬು ತಂದು ಅವಳ ಮುಂದಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಹೊಸದಾಗಿ ಮಾಡಿಸಿದ ರಕ್ತದ ರಿಪೋರ್ಟು ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಗುಳಿಗೆ ತಪ್ಪಿಸಿದಿರಾ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲವೆಂದು ಇಬ್ಬರೂ ಹೇಳಿದರು. ನುಂಗಿದ ಕೂಡಲೇ ಚಹಾ ಕುಡಿಯುತ್ತೀರಾ ಎಂದರು, ಅದೂ ಇಲ್ಲ. ಕೊನೆಗೆ, ಮನೆಯಲ್ಲಿರುವ ಗುಳಿಗೆಯನ್ನು ಇದ್ದ ಹಾಗೆಯೇ ತಂದು ತೋರಿಸಿ ಎಂದರು. ಕೊಟ್ರಬಸಪ್ಪ ಮರುದಿನ ಎರ್ರಮ್ಮನ ಜೊತೆ ಹಾರ್ಲಿಕ್ಸಿನ ಹಳೇ ಗಾಜಿನ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ತಳದಲ್ಲಿ ಒಂದು ಹಿಡಿಯಷ್ಟು ಗುಳಿಗೆಯಿತ್ತು. ಡಾಕ್ಟರು ಒಂದಿಷ್ಟನ್ನು ಬಿಳಿ ಹಾಳೆಯ ಮೇಲೆ ಸುರಿದು ನೋಡಿದರೆ ಕೆಲವು ಚಿಕ್ಕವು, ಕೆಲವು ದೊಡ್ಡವು, ಕೆಲವಕ್ಕೆ ನಡುವೆ ಗೀಟು, ಕೆಲವು ನಸುಗೆಂಪು.

ಇದೇನೆಂದು ಅವರು ಕೇಳಿದಾಗ ಕೊಟ್ರಬಸಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು ವಿವರಿಸಿದ. ಮೆಡಿಕಲ್ ಶಾಪಿನವರು ದೊಡ್ಡ ಡಬ್ಬಿ ಒಡೆದು ಮೂವತ್ತು ಮೂವತ್ತು ಎಣಿಸಿ ಪೊಟ್ಟಣ ಕಟ್ಟಿಕೊಡುತ್ತಾರೆ. ಮೊದಲು ಹಸಿರು ಮುಚ್ಚಳದ ಡಬ್ಬಿಯಿಂದ ಕೊಟ್ಟರು, ದೀಪಾವಳಿ ಆದಮೇಲೆ ನೀಲಿಯದರಿಂದ, ಆಮೇಲೆ ಹಳದಿಯದರಿಂದ. ಯಾರ್ಡಿನಲ್ಲಿ ಸ್ಟಾಕು ಎಂದೂ ತೀರಬಾರದು. ಆ ಪಾಠದಂತೆ ಅವನು ಒಂದು ಪೊಟ್ಟಣ ಮುಗಿಯುವ ಮೊದಲೇ ಇನ್ನೊಂದು ತಂದಿಟ್ಟಿದ್ದ. ಕಂಪನಿ ಬೇರೆ ಬೇರೆಯಾದರೆ ಒಂದರಲ್ಲಿ ಜೋರು ಹೆಚ್ಚಿರಬಹುದು, ಇನ್ನೊಂದರಲ್ಲಿ ಕಡಿಮೆ ಇರಬಹುದು ಎಂಬ ಅನುಮಾನ ಅವನಿಗೂ ಬಂದಿತ್ತು. ಹಾಗಾಗಿ ಎಲ್ಲವನ್ನೂ ಒಂದೇ ಬಾಟಲಿಗೆ ಸುರಿದು ಚೆನ್ನಾಗಿ ಅಲುಗಾಡಿಸಿ, ಕಣ್ಣಿಗೆ ಬೀಳುವಂತೆ ಒಲೆಯ ಪಕ್ಕದ ಕಿಟಕಿಯಲ್ಲಿಟ್ಟಿದ್ದ.

"ಬ್ಲೆಂಡಿಂಗ್ ಮಾಡೀನ್ರಿ ಡಾಕ್ಟ್ರ," ಅಂದ. "ತಿಂಗಳ ಕೊನೀಗೆ ಸರಾಸರಿ ಸರಿ ಬರ್ತೈತಿ."

ಮೇಧಾ ನಗು ತಡೆಯಲು ಕರವಸ್ತ್ರ ಹುಡುಕಿದರು. ಆಮೇಲೆ ಎರ್ರಮ್ಮನ ಊದಿದ ಮುಖ ನೋಡಿ ನಗು ನಿಲ್ಲಿಸಿದರು. ಹೆಸರು ಒಂದೇ ಇದ್ದರೂ ಒಂದು ಕಂಪನಿಯ ಗುಳಿಗೆ ಮೈಗೆ ಹತ್ತಿದಷ್ಟೇ ಇನ್ನೊಂದರದು ಹತ್ತುತ್ತದೆಂದು ಹೇಳಲಾಗದು. ಈ ಔಷಧದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಕೆಲವರಿಗೆ ದೊಡ್ಡದಾಗುತ್ತದೆ. ಅದರ ಮೇಲೆ ಒಲೆಯ ಕಾವು, ಕಿಟಕಿಯ ಬಿಸಿಲು ಬಿದ್ದು ಗುಳಿಗೆಯ ಸತ್ವವೇ ಹೋಗಿರಬೇಕೆಂದು ವಿವರಿಸಿದರು.

"ಕೊಟ್ರಬಸಪ್ಪಾರ, ಹಡಗಿಗೆ ಸರಾಸರಿ ಸಾಕು," ಅಂದರು. "ಇವರ ಮೈ ದಿನಕ್ಕ ಒಂದ ಗುಳಿಗಿ ನೋಡ್ತೈತಿ. ಅದಕ್ಕ ಸರಾಸರಿ ತಿಳಿಯಂಗಿಲ್ಲ."

ಹಸಿರು ಮುಚ್ಚಳದ್ದು ಮೊದಲು ಒಗ್ಗಿತ್ತಲ್ಲ, ಇನ್ನು ಅದೊಂದೇ ಕಂಪನಿ ಎಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೆಳಗೆ ಗೀಟು ಎಳೆದರು. ಎಂಟು ವಾರ ಬಿಡದೆ, ಬೇರೆಯದನ್ನು ಬೆರೆಸದೆ, ಅದರ ಡಬ್ಬಿಯಲ್ಲೇ ಇಟ್ಟು ತೆಗೆದುಕೊಂಡರೆ ಮದುವೆ ಹೊತ್ತಿಗೆ ದನಿ ಬರಬಹುದು. ನಡುವೆ ಮತ್ತೆ ಬದಲಾದರೆ ಮೊದಲಿನಿಂದ ಶುರು. ಹೊರಗೆ ಬಂದು ಆಟೋದಲ್ಲಿ ಕೂತು ಎರ್ರಮ್ಮ ಚೀಟಿಯ ಮೇಲಿನ ಗೀಟನ್ನೇ ನೋಡಿದಳು. ಸರ್ಕಲ್ ದಾಟಿದ ಮೇಲೆ ಗೊಗ್ಗರು ದನಿಯಲ್ಲಿ, "ಕಡೀಕ ನನ್ನೂ ಕಲಸಿಬಿಟ್ರಿ ನೋಡ್ರಿ," ಅಂದಳು. ತಮಾಷೆಗೆ ಅಂದಳೋ ಬೇಸರಕ್ಕೆ ಅಂದಳೋ ಆ ದನಿಯಲ್ಲಿ ಗೊತ್ತಾಗಲಿಲ್ಲ. ಕೊಟ್ರಬಸಪ್ಪನಿಗೆ ಎಲ್ಲಿಯಾದರೂ ಇಳಿದುಹೋಗಬೇಕೆನಿಸಿತು.

ಅಂದು ಸಂಜೆಯೇ ಅವನು ಸ್ಟೇಷನ್ ರೋಡಿನ ಮೆಡಿಕಲ್ ಶಾಪಿಗೆ ಹೋದ. ಅಂಗಡಿಯ ಯಜಮಾನ ಮಧ್ವೇಶ ಹಣೆಗೆ ಅಂಗಾರ ಅಕ್ಷತೆ ಇಟ್ಟು ಕೂರುವ ಸಾತ್ವಿಕ ಮನುಷ್ಯ. ಯಾರಿಗೂ ಗಟ್ಟಿಯಾಗಿ ಮಾತಾಡಿದವನಲ್ಲ, ಯಾರಿಗೂ ಇಲ್ಲ ಎಂದವನೂ ಅಲ್ಲ. ಹಸಿರು ಮುಚ್ಚಳದ್ದು ಖಾಲಿಯಾಗಿದೆಯೆಂದ. ಕಂಪನಿ ಏಜೆಂಟರು ಯಾವ ತಿಂಗಳು ಯಾವುದಕ್ಕೆ ಸ್ಕೀಮಿನ ರಿಯಾಯಿತಿ ಕೊಡುತ್ತಾರೋ ಆ ತಿಂಗಳು ಅದು ಬರುತ್ತದೆ. ಹಸಿರಿನದು ಬೇಕೆಂದರೆ ಬಳ್ಳಾರಿಯ ಹೋಲ್‌ಸೇಲಿನವರು ಒಮ್ಮೆಗೆ ಹತ್ತು ಡಬ್ಬಿಗಿಂತ ಕಡಿಮೆ ಕಳಿಸುವುದಿಲ್ಲ. ಹತ್ತನ್ನೂ ನಾನೇ ಒಯ್ಯುತ್ತೇನೆಂದ ಕೊಟ್ರಬಸಪ್ಪ. ಒಂದೊಂದು ಡಬ್ಬಿಯಲ್ಲಿ ನೂರು ಗುಳಿಗೆ, ಎರ್ರಮ್ಮ ಮುಗಿಸುವಷ್ಟರಲ್ಲಿ ತಾರೀಖು ಮುಗಿದುಹೋಗುತ್ತದೆಂದು ಮಧ್ವೇಶ ತಿಳಿಸಿ ಹೇಳಿದ.

"ಒಳಗಿನ ಔಷಧ ಒಂದ ಅದರಿ ಕೊಟ್ರಬಸಪ್ಪಾರ. ಡಬ್ಬಿ ಬ್ಯಾರೆ, ಅಷ್ಟ."

ಗುಡ್ಡ ಬೇರೆಯಾದರೇನು, ಒಳಗಿನ ಕಬ್ಬಿಣ ಒಂದೇ ಎಂದು ಅದಿರು ಕೊಳ್ಳಲು ಬಂದವರಿಗೆ ಕೊಟ್ರಬಸಪ್ಪನೇ ಎಷ್ಟೋ ಸಲ ಹೇಳಿದ್ದ. ಡಾಕ್ಟರ ಚೀಟಿಯ ಮೇಲಿನ ಗೀಟನ್ನು ಬೆರಳಿನಿಂದ ತೋರಿಸಿ, ಹೇಗಾದರೂ ತರಿಸಿರಿ ಎಂದ. ಮಧ್ವೇಶ ನಾಳೆ ನೋಡೋಣ ಎಂದ. ಆ ನಾಳೆ ಮರುದಿನವೂ ನಾಳೆಯಾಗಿತ್ತು, ಅದರ ಮರುದಿನವೂ. ಉಳಿದ ಅಂಗಡಿಗಳಲ್ಲಿ ಇಷ್ಟು ಸೌಮ್ಯವಾಗಿ ಹೇಳುವವರೂ ಇರಲಿಲ್ಲ.

ಆ ಹೊತ್ತಿಗೆ ಕೈಹಿಡಿದವನು ಲಾರಿ ಡ್ರೈವರ್ ಪಾಲಪ್ಪ. ಅವನು ದಿನಾ ಸಂಡೂರಿಗೆ ಹೋಗಿಬರುವವನು. ಕೊಟ್ರಬಸಪ್ಪ ಚೀಟಿಯ ಜೊತೆಗೆ ಹಸಿರು ದಾರವೊಂದನ್ನೂ ಕೊಟ್ಟು, ಮುಚ್ಚಳ ಇದೇ ಬಣ್ಣದ್ದಿರಬೇಕೆಂದು ಹತ್ತು ಸಲ ಹೇಳಿ ಕಳಿಸಿದ್ದ. ಎರಡನೇ ದಿನ ಪಾಲಪ್ಪ ಲಾರಿ ನಿಲ್ಲಿಸಿ, ಅಂಗಿಯ ಜೇಬಿನಿಂದ ಅರ್ಧಕ್ಕಿಂತ ಕಡಿಮೆ ತುಂಬಿದ ಡಬ್ಬಿಯೊಂದನ್ನು ತೆಗೆದುಕೊಟ್ಟ. ಸಂಡೂರಿನ ಅಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ, ಇನ್ನು ತರಿಸುವುದಿಲ್ಲವೆಂದು ಡಬ್ಬಿ ಸಮೇತ ಕೊಟ್ಟಿದ್ದರು. ಕೊಟ್ರಬಸಪ್ಪ ಮುಚ್ಚಳದ ಮೇಲೆ ದಾರ ಇಟ್ಟು ನೋಡಿದ. ಮನೆಗೆ ಬಂದು ಎಣಿಸಿದರೆ ಮೂವತ್ತಾರು ಇದ್ದವು, ಐದು ವಾರಕ್ಕೆ ಒಂದು ಮೇಲೆ.

ಹಾರ್ಲಿಕ್ಸಿನ ಬಾಟಲಿ ಖಾಲಿಯಾಗಿ ಉಪ್ಪಿನ ಬಾಟಲಿಯಾಯಿತು. ಹಸಿರು ಡಬ್ಬಿ ಒಳಕೋಣೆಯ ಕತ್ತಲ ಗೂಡಿಗೆ ಹೋಯಿತು. ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಎರ್ರಮ್ಮ ನಡುಮನೆಯಲ್ಲಿ ನೀರು ಚೆಲ್ಲಿದವರು ಯಾರೆಂದು ಗದರಿ ಕೇಳಿದಳು. ಕೊಟ್ರಬಸಪ್ಪ ಸಂತೋಷದಿಂದ ನಾನೇ ಎಂದ. ನಾಲ್ಕನೇ ವಾರ ಅವಳು ಸೊಪ್ಪಿನವಳನ್ನು ಕೂಗಿದಳು. ಸೊಪ್ಪಿನವಳಿಗೆ ಕೇಳಿಸಲಿಲ್ಲ, ಆದರೆ ಕೂಗುವಷ್ಟು ಉಮೇದು ಬಂತಲ್ಲ ಎಂದು ಇವನು ತಾನೇ ಓಡಿಹೋಗಿ ಅವಳನ್ನು ಕರೆತಂದ. ಮುಖದ ಊತ ಇಳಿಯುತ್ತಿತ್ತು. ಡಬ್ಬಿಯ ಗುಳಿಗೆಯೂ ಇಳಿಯುತ್ತಿತ್ತು. ಯಾರ್ಡಿನಿಂದ ಬರುವಾಗ ಅವನು ದಿನಾ ಮಧ್ವೇಶನ ಅಂಗಡಿಯ ಮುಂದೆ ನಿಲ್ಲುತ್ತಿದ್ದ, ಮಧ್ವೇಶ ದೂರದಿಂದಲೇ ಕೈಯೆತ್ತಿ ನಾಳೆ ಎನ್ನುತ್ತಿದ್ದ.

ಡಬ್ಬಿಯಲ್ಲಿ ಮೂರೇ ಗುಳಿಗೆ ಉಳಿದ ದಿನ ಎರ್ರಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು. ಇವತ್ತು ತಾನೂ ಬರುವೆನೆಂದಳು. ಕೊಟ್ರಬಸಪ್ಪ ಬೇಡವೆನ್ನಲು ನೋಡಿದ. ಅಂಗಡಿಯಲ್ಲಿ ನೂಕುನುಗ್ಗಲು, ನಿನಗೆ ಆಯಾಸವಾಗುತ್ತದೆ ಎಂದ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಅಂಗಡಿಯಲ್ಲಿ ಏಳೆಂಟು ಜನ ನಿಂತಿದ್ದರು. ಮಧ್ವೇಶ ಇಬ್ಬರನ್ನೂ ನೋಡಿ ನಮಸ್ಕಾರ ಹೇಳಿ, ಈ ಸಲ ಬಂದಿರುವ ಹಳದಿ ಮುಚ್ಚಳದ್ದು ಬಹಳ ಒಳ್ಳೆಯ ಕಂಪನಿ, ಹಸಿರಿನದು ಬರುವವರೆಗೆ ಇದನ್ನು ನಡೆಸಿರಿ ಎಂದು ಮೂವತ್ತು ಗುಳಿಗೆ ಎಣಿಸತೊಡಗಿದ. ಅಂಗಡಿಯ ಹಿಂದೆಯೇ ಅವನ ಮನೆ. ಆ ನಡುಬಾಗಿಲಿನ ಪರದೆ ಸರಿಸಿ ಅವನ ತಾಯಿ ವಿಜಯಲಕ್ಷ್ಮೀಬಾಯಿ, ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ಹೊರಗೆ ಬಂದರು.

"ಮಧ್ವೇಶಾ, ನನ್ನ ಗುಳಿಗಿ ಮುಗದಾವ ನೋಡೋ."

ಮಧ್ವೇಶ ಎಣಿಸುವುದನ್ನು ನಿಲ್ಲಿಸದೆಯೇ ಎಡಗೈ ಚಾಚಿ, ದೇವರ ಫೋಟೋದ ಹಿಂದಿನಿಂದ ಒಂದು ಹೊಸ ಡಬ್ಬಿ ತೆಗೆದು ತಾಯಿಗೆ ಕೊಟ್ಟ. ಅದರ ಮುಚ್ಚಳ ಹಸಿರಾಗಿತ್ತು. ಫೋಟೋದ ಹಿಂದೆ ಇನ್ನೆರಡು ಹಸಿರು ಮುಚ್ಚಳಗಳು ಕಾಣುತ್ತಿದ್ದವು. ಅಷ್ಟಾದ ಮೇಲೆ ತಾನೇನು ಮಾಡಿದೆನೆಂದು ಅವನಿಗೆ ಹೊಳೆಯಿತು. ಎಣಿಸುತ್ತಿದ್ದ ಬೆರಳು ಹದಿನೇಳಕ್ಕೆ ನಿಂತಿತು.

"ಮಧ್ವೇಶಪ್ಪಾರ," ಎಂದಳು ಎರ್ರಮ್ಮ. "ನಿಮ್ಮವ್ವಾರಿಗೆ ಒಂದ ಕಂಪನಿ, ನಮಗ ತಿಂಗಳಿಗೊಂದು ಕಂಪನಿ. ಒಳಗಿನ ಔಷಧ ಒಂದ ಅಂದಮ್ಯಾಲೆ ಆ ಹಳದಿ ಡಬ್ಬಿ ಅವ್ವಾರಿಗೆ ಕೊಡ್ರಿ, ಆ ಹಸರಂದು ನನಗ ಕೊಡ್ರಿ. ನನ್ನ ಅಕ್ಕನ ಮಗಳ ಲಗ್ನ ಐತಿ ಮುಂದಿನ ತಿಂಗಳು. ಐದು ವಾರ ಉಪವಾಸ ಇದ್ದಂಗ ಕಾದು ಗಂಟಲಾ ಇಷ್ಟು ತಕ್ಕೊಂಡೀನಿ. ಇವತ್ತ ನೀವು ಇದನ್ನ ಕೊಟ್ರ ಅದು ಮತ್ತ ಹೋಗ್ತೈತಿ. ಹೋದ್ರ ಹೋಗಲಿ ಅಂತ ನಿಮ್ಮ ಬಾಯಿಲೇ ಹೇಳ್ರಿ, ನಾ ಸುಮ್ಮನ ಹೊಕ್ಕೀನಿ."

ಎದುರಿನ ಹೂವಿನಂಗಡಿಯವಳು ಮಾಲೆ ಕಟ್ಟುವುದನ್ನು ಬಿಟ್ಟು ಈ ಕಡೆ ನೋಡಿದಳು. ವಿಜಯಲಕ್ಷ್ಮೀಬಾಯಿ ಏನು ಕತೆಯೆಂದು ಕೇಳಿ, ಎರ್ರಮ್ಮನ ಬಾಯಿಂದಲೇ ಮೊದಲಿನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಹಾರ್ಲಿಕ್ಸಿನ ಬಾಟಲಿಯ ಭಾಗ ಬಂದಾಗ ಕೊಟ್ರಬಸಪ್ಪ ಕೆಮ್ಮಿನ ಔಷಧಗಳ ಹೆಸರು ಓದುತ್ತ ನಿಂತ. ಕೇಳಿ ಮುಗಿದ ಮೇಲೆ ಆ ಹಿರಿಯರು ಮಗನ ಕಡೆ ತಿರುಗಿದರು. ಹೋದ ವರ್ಷ ಒಮ್ಮೆ ಅವನು ತಮಗೂ ನೀಲಿಯದನ್ನು ಕೊಟ್ಟಿದ್ದ, ಹದಿನೈದು ದಿನದಲ್ಲಿ ಎದೆ ಹೊಡೆದುಕೊಂಡು ನಿದ್ದೆಯಿಲ್ಲದಂತಾಗಿತ್ತು, ಅವನೇ ಗಾಬರಿಯಾಗಿ ಅಂದಿನಿಂದ ಹಸಿರಿನದನ್ನು ಎತ್ತಿಡುತ್ತಿದ್ದಾನೆ ಎಂದು ಎಲ್ಲರೆದುರಿಗೇ ಹೇಳಿದರು.

"ನನ್ನ ಎದಿ ಎದಿ, ಆಕೀ ಗಂಟಲ ಗಂಟಲಲ್ಲೇನೋ?" ಎಂದು ಕೇಳಿ, ತಮ್ಮ ಕೈಲಿದ್ದ ಹೊಸ ಡಬ್ಬಿಯನ್ನು ಎರ್ರಮ್ಮನ ಕೈಗಿಟ್ಟರು.

ಮಧ್ವೇಶ ಹದಿನೇಳು ಹಳದಿ ಗುಳಿಗೆಗಳನ್ನು ಡಬ್ಬಿಗೆ ಮರಳಿ ಸುರಿದ. ಕಿವಿಯ ತನಕ ಕೆಂಪಾಗಿದ್ದ. ತಪ್ಪಾಯಿತು ಎಂದು ಎರ್ರಮ್ಮನಿಗೆ ಕೈಮುಗಿದ. ಹಾಗೆ ಹೇಳುವ ಅಂಗಡಿಯವರು ಕಡಿಮೆ, ಅದಕ್ಕಾಗಿ ಅವನನ್ನು ಮೆಚ್ಚಬೇಕು. ಅಷ್ಟರಲ್ಲಿ ಸಾಲಿನ ಹಿಂದಿದ್ದ ಜಂಬವ್ವ ಎಂಬಾಕೆ ತನಗೂ ಇದೇ ಕಾಯಿಲೆ, ತನಗೂ ತಿಂಗಳಿಗೊಂದು ಬಣ್ಣ ಎಂದಳು. ದೋಣಿಮಲೈ ಕಾಲೊನಿಯಿಂದ ಬಂದಿದ್ದ ಇನ್ನೊಬ್ಬಾಕೆ ತನ್ನ ಅತ್ತೆಗೂ ಅದೇ ಎಂದಳು. ನಿಮಗೆ ಯಾವುದು ಒಗ್ಗಿದೆಯೆಂದು ಮಧ್ವೇಶ ಒಬ್ಬೊಬ್ಬರನ್ನೇ ಕೇಳಿ, ಒಂದು ನೋಟುಬುಕ್ಕು ತೆಗೆದು ಹೆಸರಿನ ಮುಂದೆ ಬಣ್ಣ ಬರೆದುಕೊಂಡ. ಇಬ್ಬರದ್ದೂ ಹಸಿರೇ. ಅಲ್ಲಿಂದಲೇ ಬಳ್ಳಾರಿಗೆ ಫೋನು ಮಾಡಿ ಹತ್ತು ಡಬ್ಬಿ ಹೇಳಿದ. ಇಷ್ಟು ಸುಲಭವಿತ್ತೆಂದು ಅವನಿಗೇ ಆಶ್ಚರ್ಯವಾದಂತಿತ್ತು.

ಕೊಟ್ರಬಸಪ್ಪ ಇದ್ಯಾವುದನ್ನೂ ಸರಿಯಾಗಿ ಗಮನಿಸಲಿಲ್ಲ. ಹೂವಿನಂಗಡಿಯವಳು ತಲೆಯೆತ್ತಿ ನೋಡಿದ್ದೊಂದೇ ಅವನ ಕಣ್ಣಲ್ಲಿ ನಿಂತಿತ್ತು. ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು, ಅವುಗಳ ಮೇಲೆ ಎರ್ರಮ್ಮನ ಮಾತು ರಸ್ತೆ ದಾಟಿ ಹೋಗಿತ್ತು. ನಡುವೆ ಒಂದು ಸಲವೂ ಅವಳು ಗಂಟಲು ಸರಿಪಡಿಸಿಕೊಂಡಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು. ಏನಾಯಿತೆಂದು ಅವಳು ಕೇಳಿದಾಗ ಧೂಳು ಎಂದ. ಆ ಊರಿನಲ್ಲಿ ಅದನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಮದುವೆಗೆ ನಾಲ್ಕು ದಿನವಿರುವಾಗ ಬಂದ ರಿಪೋರ್ಟು ನೋಡಿ ಡಾಕ್ಟರ್ ಮೇಧಾ ತಲೆದೂಗಿದರು. ಕಂಪ್ಲಿಯಲ್ಲಿ ಎರ್ರಮ್ಮ ಅರಿಸಿನದ ದಿನವೇ ಸೋಬಾನೆ ಎತ್ತಿದಳು, ಮೇಲಿನ ಸ್ವರದಲ್ಲಿ ಸ್ವಲ್ಪ ಒಡೆಯಿತು, ಅವಳು ಲೆಕ್ಕಿಸಲಿಲ್ಲ. ಮದುವೆಯ ಮಧ್ಯಾಹ್ನ ಭೂಮದ ಊಟಕ್ಕೆ ಮದುಮಕ್ಕಳನ್ನು ಕೂರಿಸಿ, ಹೆಂಗಸರೆಲ್ಲ ಒಡಪು ಹೇಳಲು ಎರ್ರಮ್ಮನನ್ನು ಸುತ್ತುವರಿದರು. ಗಂಡಸರ ಪಂಕ್ತಿಯ ಕೊನೆಯಲ್ಲಿ ಕೊಟ್ರಬಸಪ್ಪ ಅನ್ನ ಸಾರು ಕಲಸಲು ಹೊರಟಿದ್ದ. ಎರ್ರಮ್ಮ ಒಲ್ಲೆ ಒಲ್ಲೆ ಎಂದು ಪದ್ಧತಿಯಂತೆ ಮೂರು ಸಲ ಬೇಡಿಸಿಕೊಂಡಳು. ಆಮೇಲೆ ಸೆರಗು ಸರಿಪಡಿಸಿಕೊಂಡು, ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಿದಳು:

"ಸಂಡೂರ ಗುಡ್ಡದಾಗ ಕೆಂಪು ಮಣ್ಣು, ಕಂಪ್ಲಿ ತೋಟದಾಗ ಬಾಳಿ ಹಣ್ಣು,
ಕಂಡದ್ದೆಲ್ಲಾ ಕಲಸ್ತಾರ ಕೊಟ್ರಬಸಪ್ಪ, ಕಲಬೆರಕಿ ಇಲ್ಲದ್ದು ನನ್ನ ಮ್ಯಾಲಿನ ಕಣ್ಣು."

ಚಪ್ಪರವೆಲ್ಲ ನಕ್ಕಿತು. ಪಂಕ್ತಿಯಲ್ಲಿದ್ದವರು ಬಗ್ಗಿ ಬಗ್ಗಿ ಅವನನ್ನೇ ನೋಡಿದರು. ಕೊಟ್ರಬಸಪ್ಪನ ಕೈ ಎಲೆಯ ಮೇಲೆ ಹಾಗೆಯೇ ನಿಂತಿತ್ತು, ಅನ್ನ ಒಂದು ಕಡೆ, ಸಾರು ಒಂದು ಕಡೆ. ಪಕ್ಕದಲ್ಲಿದ್ದ ಬೀಗರ ಕಿವಿಯ ಹತ್ತಿರ ಬಾಗಿ ಅವನು ಮೆಲ್ಲಗೆ ಹೇಳಿದ:

"ನನಗ ಸರಿಯಾಗಿ ಕೇಳಸಲಿಲ್ರಿ. ಇನ್ನೊಮ್ಮೆ ಹೇಳು ಅಂತ ಅನ್ರಿ ಆಕೀಗೆ."